ಚಿರೆಕಲ್ಲಿನ ಗೋಡೆಗೆ ನೀವೇ ಗಿಲಾಯಿ ಮಾಡುವುದಾದರೆ

ನಮ್ಮ ಹಿತ್ತಿಲಿನ ಹಳೆಯ ಕೊಟ್ಟಿಗೆಯನ್ನು ಉಗ್ರಾಣವಾಗಿ ಮಾಡಿಕೊಂಡಾಗ ಒಳಗಿನ ಒಂದು ಗೋಡೆ ಮಾತ್ರ ಗಿಲಾಯಿ, ಅಂದರೆ ಸಿಮೆಂಟ್ ಗಾರೆಯ ಲೇಪ, ಕಾಣದೆ ಬರಿಯ ಚಿರೆಕಲ್ಲಾಗಿಯೇ (ಕೆಂಪು ಜಂಬಿಟ್ಟಿಗೆ ಕಲ್ಲು) ಉಳಿಯಿತು. ಹತ್ತು ಅಡಿ ಉದ್ದ, ಎಂಟು ಅಡಿ ಎತ್ತರ. ಕುಮಟೆಯ ಆಸುಪಾಸಿನಲ್ಲಿ ಮಾರ್ಚ್ ತಿಂಗಳಿನಲ್ಲಿ ಇಷ್ಟು ಸಣ್ಣ ಕೆಲಸಕ್ಕೆ ಗೌಂಡಿಯನ್ನು ಕರೆಯುವುದೆಂದರೆ ಯಕ್ಷಗಾನ ಮೇಳದ ತಿರುಗಾಟ ನಡೆದಿರುವಾಗ ಭಾಗವತರನ್ನು ಮನೆಯ ಭಜನೆಗೆ ಕರೆದ ಹಾಗೆ. ಬರುತ್ತೇನೆ ಎನ್ನುತ್ತಾರೆ, ಬರುವುದಿಲ್ಲ. ಮಳೆಗಾಲಕ್ಕೆ ಮುಂಚೆ ಮುಗಿಸಬೇಕಾದ ದೊಡ್ಡ ಮನೆಗಳು ಅವರ ಕೈಯಲ್ಲಿರುತ್ತವೆ. ಸರಿ, ನಾನೇ ಕರಣೆ ಹಿಡಿದೆ. ಸಂಜೆಯ ಹೊತ್ತಿಗೆ ಗೋಡೆ ನೋಡಲು ಚೆನ್ನಾಗಿಯೇ ಇತ್ತು. ಮೂರನೆಯ ದಿನ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಡಬಡಬ ಸದ್ದು. ವಾರ ಕಳೆಯುವುದರೊಳಗೆ ತಟ್ಟೆಯಗಲದ ತುಂಡುಗಳು ಕೈಗೇ ಬಂದವು.

ಊರಿನ ಹಿರಿಯ ಗೌಂಡಿಯೊಬ್ಬರು ಬಂದು, ಬಿದ್ದ ತುಂಡೊಂದನ್ನು ಮಗುಚಿ ನೋಡಿದರು. ಅದರ ಬೆನ್ನಿಗೆ ಕೆಂಪು ಪುಡಿ ಅಂಟಿತ್ತು. ಗೋಡೆಗೆ ಎಷ್ಟು ನೀರು ಕುಡಿಸಿದ್ದೆ ಎಂದು ಕೇಳಿದರು. ಒಂದು ಬಕೆಟ್ ಎರಚಿದ್ದೆ ಎಂದೆ. “ಅದು ಈ ಗೋಡೆಯ ನಾಲಿಗೆಗೂ ಸಾಲುವುದಿಲ್ಲ” ಎಂದು ನಕ್ಕು ಹೋದರು.

ಅದೇ ಗೋಡೆಗೆ ಮುಂದಿನ ಡಿಸೆಂಬರ್‌ನಲ್ಲಿ ಮತ್ತೆ ಗಿಲಾಯಿ ಮಾಡಿದೆ. ಇಂದಿಗೂ ಗಟ್ಟಿಯಾಗಿ ನಿಂತಿದೆ. ಎರಡು ಸಲಕ್ಕೂ ನನ್ನ ಕೈಚಳಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಬದಲಾದದ್ದು ನೀರಿನ ಲೆಕ್ಕ: ಗೋಡೆ ಕುಡಿಯುವ ನೀರು, ಮಾಲಿನೊಳಗಿನ (ಸಿಮೆಂಟು ಮರಳು ಕಲಸಿದ ಗಾರೆಯೊಳಗಿನ) ನೀರು, ಆಮೇಲೆ ಉಣಿಸುವ ನೀರು. ಕೆಳಗಿನ ಹೆಜ್ಜೆಗಳಲ್ಲಿ ಇದೇ ಮಾತು ಮತ್ತೆ ಮತ್ತೆ ಬಂದರೆ ಬೇಸರಿಸಬೇಡಿ.

ಯಾವ ಗೋಡೆ, ಯಾವ ತಿಂಗಳು

ಮೊದಲ ಸಲಕ್ಕೆ ಹಜಾರದ ಗೋಡೆ ಬೇಡ. ಕಪಾಟು ಮುಚ್ಚುವಂಥ, ನೆಲದ ಮೇಲೆ ನಿಂತು ಕೈಗೆಟಕುವಂಥ ಒಳಗೋಡೆ ಆರಿಸಿಕೊಳ್ಳಿ. ಐವತ್ತರಿಂದ ಎಂಬತ್ತು ಚದರಡಿ ಸಾಕು. ಛಾವಣಿಯ ಅಡಿಭಾಗಕ್ಕೆ ಕೈ ಹಾಕಲೇಬೇಡಿ. ತಲೆಯ ಮೇಲೆ ನಿಲ್ಲುವ ಗಿಲಾಯಿ ಅನುಭವಿಗಳ ಕೆಲಸ, ಬಿದ್ದರೆ ಅಪಾಯ. ಪಡುವಣ ದಿಕ್ಕಿನ ಹೊರಗೋಡೆಯನ್ನೂ ಬಿಡಿ. ನೈಋತ್ಯದಿಂದ ಬರುವ ಮಳೆ ನೇರವಾಗಿ ಅಪ್ಪಳಿಸುವುದು ಅದಕ್ಕೇ. ನಮ್ಮ ಹಿರಿಯರು ಆ ಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದದ್ದು, ಘಟ್ಟದ ಮೇಲೆ ಅಡಿಕೆಯ ಸೋಗೆ ಕಟ್ಟುತ್ತಿದ್ದದ್ದು ಸುಮ್ಮನೆ ಅಲ್ಲ.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಿನಲ್ಲಿ. ಅಷ್ಟು ನೀರು ಕುಡಿದ ಗೋಡೆ ದೀಪಾವಳಿಯವರೆಗೂ ಬೆವರುತ್ತಿರುತ್ತದೆ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಹದವಾದ ಕಾಲ. ಏಪ್ರಿಲ್, ಮೇ ತಿಂಗಳಿನಲ್ಲಿ ಬಿಸಿಲೂ ಕಡಲ ಗಾಳಿಯೂ ಸೇರಿ ಹಸಿ ಗಿಲಾಯಿಯ ನೀರನ್ನು ಗಂಟೆಯೊಳಗೆ ಎಳೆದುಬಿಡುತ್ತವೆ. ಮಾಡಲೇಬೇಕಾದರೆ ಬಿಸಿಲು ಸರಿದ ಮೇಲೆ ಮಾಡಿ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಒಂದು ಮಾತು. ನಿಮ್ಮ ಮನೆಯದು ಹಳೆಯ ಮಣ್ಣಿನ ಗೋಡೆಯಾಗಿದ್ದರೆ ಅದಕ್ಕೆ ಸಿಮೆಂಟ್ ಬಳಿಯಬೇಡಿ. ಮಣ್ಣು ಮಳೆಗಾಲದಲ್ಲಿ ತೇವ ಹೀರಿ ತುಸು ಉಬ್ಬುತ್ತದೆ, ಬೇಸಿಗೆಯಲ್ಲಿ ಉಸಿರು ಬಿಟ್ಟು ಕುಗ್ಗುತ್ತದೆ. ಸಿಮೆಂಟಿನ ಬಿಗಿಯಾದ ಪದರ ಅದರ ಜೊತೆ ಅಲುಗುವುದೂ ಇಲ್ಲ, ತೇವವನ್ನು ಸಲೀಸಾಗಿ ಹೊರಗೆ ಬಿಡುವುದೂ ಇಲ್ಲ. ಕೆಲವು ವರ್ಷಗಳಲ್ಲಿ ಅದು ಮಣ್ಣಿನ ಮೈಯನ್ನೂ ಕಿತ್ತುಕೊಂಡು ಹಾಳೆಯಾಗಿ ಬೀಳುತ್ತದೆ. ಅಂಥ ಗೋಡೆಗೆ ಜರಡಿ ಹಿಡಿದ ಮಣ್ಣು, ಮರಳು, ಸುಣ್ಣದ ಲೇಪವೇ ಒಗ್ಗುವುದು. ಇಲ್ಲಿ ಹೇಳುತ್ತಿರುವುದು ಚಿರೆಕಲ್ಲು, ಇಟ್ಟಿಗೆ ಮತ್ತು ಸಿಮೆಂಟ್ ಬ್ಲಾಕಿನ ಗೋಡೆಗಳ ವಿಷಯ.

ಸಾಮಾನು

ಹತ್ಯಾರುಗಳ ಪಟ್ಟಿ ಚಿಕ್ಕದು. ಒಂದು ಕರಣೆ, ಹಿಡಿಕೆಯಿರುವ ಮರದ ಉಜ್ಜುಹಲಗೆ, ಐದಾರು ಅಡಿ ಉದ್ದದ ನೇರವಾದ ಅಲ್ಯೂಮಿನಿಯಂ ಪಟ್ಟಿ, ತೂಗುಗುಂಡು, ನೂಲು, ಎರಡು ಬಾಂಡಲಿ, ಜರಡಿ, ಸುಣ್ಣ ಬಳಿಯುವ ಕುಂಚ. ಪಟ್ಟಿಯ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಸೊಟ್ಟ ಪಟ್ಟಿಯಿಂದ ನೇರ ಗೋಡೆ ಬರುವುದಿಲ್ಲ. ಅಂಗಡಿಯಲ್ಲಿಯೇ ಒಂದು ಕಣ್ಣು ಮುಚ್ಚಿ ಅದರ ಅಂಚಿನುದ್ದಕ್ಕೂ ನೋಡಿ ತೆಗೆದುಕೊಳ್ಳಿ.

ಸಿಮೆಂಟ್ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜೊಲಾನಾ ಸಿಮೆಂಟ್) ಇರಲಿ. ಬೇಗ ಬಿಗಿಯುವ 53 ಗ್ರೇಡಿನ ಸಿಮೆಂಟಿಗಿಂತ ಇದು ನಿಧಾನ, ಕೈಗೆ ಮೃದು, ಹೊಸಬರಿಗೆ ಅದೇ ಬೇಕಾದದ್ದು. ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ಮೀರಿದ್ದನ್ನು ಬಿಟ್ಟುಬಿಡಿ. ನಮ್ಮ ಕರಾವಳಿಯ ತೇವದ ಗಾಳಿಗೆ ಚೀಲದೊಳಗೇ ಗಂಟು ಕಟ್ಟುತ್ತದೆ. ಕೈ ಹಾಕಿದರೆ ತಣ್ಣಗೆ, ಹಿಟ್ಟಿನಂತೆ ಇರಬೇಕು. ಬೆರಳಿನಿಂದ ಹಿಸುಕಿದರೆ ಒಡೆಯದ ಗಂಟು ಸಿಕ್ಕಿತೆಂದರೆ ಆ ಚೀಲ ಗಿಲಾಯಿಗೆ ಆಗದು. ಮನೆಗೆ ತಂದ ಮೇಲೆ ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಿ.

ಮರಳಿನ ಕತೆ ದೊಡ್ಡದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂದು ನಾಲ್ಕು ಹೊಳೆಗಳಿದ್ದರೂ ಅಳಿವೆಯ ಹತ್ತಿರದ ಮರಳಿಗೆ ಉಬ್ಬರದ ಉಪ್ಪುನೀರು ತಾಗಿರುತ್ತದೆ. ಆ ಉಪ್ಪು ಗಿಲಾಯಿಯೊಳಗೆ ಸೇರಿದರೆ ಪ್ರತಿ ಮಳೆಗಾಲದ ನಂತರ ಗೋಡೆಯ ಮೇಲೆ ಬಿಳಿಯ ಹೂವಾಗಿ ಅರಳುತ್ತದೆ, ಬಣ್ಣ ಹೊಪ್ಪಳೆಯೇಳುತ್ತದೆ, ಒಳಗೆ ತಂತಿಯ ಬಲೆಯಿದ್ದರೆ ತುಕ್ಕು ತಿನ್ನುತ್ತದೆ. ಗೌಂಡಿಗಳು ಚಿಟಿಕೆ ಮರಳನ್ನು ನಾಲಿಗೆಗೆ ತಾಗಿಸಿ ನೋಡುವುದನ್ನು ಕಂಡಿದ್ದೇನೆ. ಅಂಗಳದಲ್ಲಿ ಹರಡಿ ಸಿಹಿನೀರಿನಿಂದ ಎರಡು ಮೂರು ಸಲ ತೊಳೆದರೆ ಬಹಳಷ್ಟು ಉಪ್ಪು ಹೋಗುತ್ತದೆ. ಈಗ ಹೆಚ್ಚಿನವರು ಕಲ್ಲು ಪುಡಿ ಮಾಡಿದ ಮರಳನ್ನೇ ಬಳಸುತ್ತಾರೆ. ಅಂಗಡಿಯಲ್ಲಿ ಬರಿದೆ ಎಂ-ಸ್ಯಾಂಡ್ ಎಂದರೆ ಕಾಂಕ್ರೀಟಿನ ಉರುಟು ಮರಳು ಬಂದೀತು. ಗಿಲಾಯಿಗೆಂದೇ ಇರುವ ನಯವಾದ ಪಿ-ಸ್ಯಾಂಡ್ ಎಂದು ಕೇಳಿ.

ಮರಳಿನಲ್ಲಿ ಕೆಸರೆಷ್ಟಿದೆ ಎಂದು ನೋಡಲು ನೇರವಾದ ಗಾಜಿನ ಬಾಟಲಿಯೊಂದು ಸಾಕು. ಅರ್ಧದವರೆಗೆ ಮರಳು, ಅದರ ಮೇಲೆ ಒಂದು ಚಮಚ ಉಪ್ಪು ಬೆರೆಸಿದ ನೀರು ಹಾಕಿ, ಚೆನ್ನಾಗಿ ಕುಲುಕಿ ಮೂರು ಗಂಟೆ ಬಿಡಿ. ಮರಳಿನ ಮೇಲೆ ನುಣುಪಾದ ಕೆಸರಿನ ಪದರ ಕೂತಿರುತ್ತದೆ. ಹತ್ತು ಸೆಂಟಿಮೀಟರ್ ಮರಳಿಗೆ ಎಂಟು ಮಿಲಿಮೀಟರಿಗಿಂತ ಹೆಚ್ಚು ಕೆಸರಿದ್ದರೆ ತೊಳೆಯಲೇಬೇಕು. ಇಲ್ಲವಾದರೆ ಗಿಲಾಯಿ ಒಣಗುವಾಗ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ.

ನೀರು ಕುಡಿಯಲು ಯೋಗ್ಯವಾದದ್ದೇ ಇರಲಿ. ಅಳಿವೆಯ ಪಕ್ಕದ ಬಾವಿಗಳು ಬೇಸಿಗೆಯ ಕೊನೆಗೆ ಸವಳಾಗುವುದು ನಿಮಗೇ ಗೊತ್ತು. ಚಹಾಕ್ಕೆ ಆಗದ ನೀರು ಗೋಡೆಗೂ ಆಗದು.

ಎಷ್ಟು ಬೇಕು? ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಒಳಗೋಡೆಯ ಲೆಕ್ಕ, ಹೊರಗೋಡೆಗಾದರೆ ನಾಲ್ಕು ಪಾಲು. ಮಟ್ಟಸವಾದ ಇಟ್ಟಿಗೆ ಗೋಡೆಗೆ 12 ಮಿಲಿಮೀಟರ್ ದಪ್ಪದಲ್ಲಿ ನೂರು ಚದರಡಿಗೆ ಸುಮಾರು 35 ಕಿಲೋ ಸಿಮೆಂಟ್ ಹಿಡಿಯುತ್ತದೆ. ಚಿರೆಕಲ್ಲಿನ ಗೋಡೆ ಮಾತ್ರ ಜೇನಿನ ಹುಟ್ಟಿನಂತೆ ತೂತು ತೂತು. ಅದಕ್ಕೆ 50 ಕಿಲೋದ ಇಡೀ ಚೀಲ, ಏಳೆಂಟು ಘನ ಅಡಿ ಮರಳು ಎಂದೇ ಇಟ್ಟುಕೊಳ್ಳಿ.

ಗೋಡೆಯನ್ನು ಒಪ್ಪಿಸುವುದು

ಎರಡನೆಯ ಸಲ ನನಗೆ ಗಿಲಾಯಿ ಬಳಿಯಲು ಹಿಡಿದದ್ದು ಮೂರು ದಿನ, ಗೋಡೆ ತಯಾರು ಮಾಡಲು ಐದು ದಿನ. ಈ ಅನುಪಾತ ನೋಡಿ ಮನೆಯವರು ನಕ್ಕರೂ ಚಿಂತೆಯಿಲ್ಲ.

ವಯರಿನ ಕೊಳವೆ, ನೀರಿನ ಪೈಪಿಗೆ ಗೋಡೆ ಕೊರೆಯುವುದಿದ್ದರೆ ಈಗಲೇ ಮುಗಿಯಲಿ. ಸ್ವಿಚ್ಚಿನ ಡಬ್ಬಿಗಳೊಳಗೆ ಹಳೆಯ ಪತ್ರಿಕೆ ತುರುಕಿ, ಆ ಸಾಲಿನ ವಿದ್ಯುತ್ ಬಂದ್ ಮಾಡಿ. ಗೋಡೆಗೆ ನೀರು ಹೊಡೆಯುವವರಿದ್ದೇವೆ, ಮರೆಯಬೇಡಿ.

ಕಲ್ಲು ಕಲ್ಲುಗಳ ನಡುವಿನ ಸಂದುಗಳನ್ನು ಮೊಳೆಯಿಂದ ಕೆದಕಿ ಸುಮಾರು ಒಂದು ಸೆಂಟಿಮೀಟರ್ ಆಳ ಮಾಡಿ. ಗಿಲಾಯಿ ಅಲ್ಲಿ ಬೇರು ಬಿಡುತ್ತದೆ. ಪಾಚಿ, ಹಳೆಯ ಸುಣ್ಣ, ಎಣ್ಣೆಯ ಕಲೆ ಏನಿದ್ದರೂ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ನಂತರ ಪೊರಕೆ, ಅದರ ಮೇಲೆ ನೀರು. ಚಿರೆಕಲ್ಲಿನ ಕೆಂಪು ಪುಡಿ ಒಂದು ಸಲಕ್ಕೆ ಹೋಗುವುದಿಲ್ಲ. ಅಂಗೈಯಿಂದ ಒರೆಸಿದರೆ ಕೈ ಕೆಂಪಾಗದಷ್ಟು ತೊಳೆಯಬೇಕು. ನನ್ನ ಮೊದಲ ಗಿಲಾಯಿ ಹಿಡಿದದ್ದು ಕಲ್ಲನ್ನಲ್ಲ, ಆ ಪುಡಿಯನ್ನು.

ದೊಡ್ಡ ಹೊಂಡಗಳನ್ನು ಹಿಂದಿನ ದಿನವೇ ಮಾಲಿನಿಂದ ತುಂಬಿ ಮೇಲ್ಮೈಯನ್ನು ಒರಟಾಗಿ ಬಿಡಿ. ಗಿಲಾಯಿಯ ಜೊತೆಗೇ ತುಂಬಲು ಹೋದರೆ ಹೊಂಡವಿದ್ದಲ್ಲಿ ದಪ್ಪ ಹೆಚ್ಚಾಗಿ ಜೋತು ಬೀಳುತ್ತದೆ. ಕಾಂಕ್ರೀಟ್ ಕಂಬವೋ ತೊಲೆಯೋ ಗೋಡೆಯೊಳಗಿದ್ದರೆ ಅದರ ನುಣುಪು ಮೈಯನ್ನು ಉಳಿಯಿಂದ ಕಚ್ಚು ಕಚ್ಚಾಗಿ ಮಾಡಿ. ಕಂಬ ಮತ್ತು ಕಲ್ಲು ಕೂಡುವ ಸಂದಿನ ಮೇಲೆ ಎರಡೂ ಬದಿಗೆ ಅಂಗೈಯಗಲ ಚಾಚುವಂತೆ ಕೋಳಿಬಲೆ ಬಡಿಯಿರಿ. ಇವೆರಡೂ ಬಿಸಿಲಿಗೆ ಹಿಗ್ಗುವ ಪರಿ ಬೇರೆ ಬೇರೆಯಾದ್ದರಿಂದ ಬಲೆಯಿಲ್ಲದಿದ್ದರೆ ಅಲ್ಲಿ ನೇರ ಗೆರೆಯ ಬಿರುಕು ಬಂದೇ ಬರುತ್ತದೆ.

ಈಗ ನೀರು. ಗಿಲಾಯಿಯ ಹಿಂದಿನ ಸಂಜೆ ಗೋಡೆ ಇನ್ನು ಸಾಕೆನ್ನುವವರೆಗೆ ಕುಡಿಸಿ, ಅಂದರೆ ಹಾಕಿದ ನೀರು ಒಳಗೆ ಇಳಿಯದೆ ಮೇಲಿನಿಂದಲೇ ಹರಿಯತೊಡಗುವವರೆಗೆ. ಬೆಳಿಗ್ಗೆ ಕೆಲಸಕ್ಕೆ ಒಂದು ಗಂಟೆ ಮುಂಚೆ ಇನ್ನೊಮ್ಮೆ. ಕರಣೆ ಎತ್ತುವ ಹೊತ್ತಿಗೆ ಗೋಡೆ ಒದ್ದೆಬಟ್ಟೆಯಂತೆ ತಣ್ಣಗಿರಬೇಕು, ಹೊಳೆಯಬಾರದು, ತೊಟ್ಟಿಕ್ಕಲೂಬಾರದು. ಒಣಗಿದ ಚಿರೆಕಲ್ಲು ಮಾಲಿನೊಳಗಿನ ನೀರನ್ನು ಹೀರಿ ಸಿಮೆಂಟು ಬಲಿಯುವ ಮೊದಲೇ ಅದನ್ನು ಸಾಯಿಸುತ್ತದೆ. ತೊಟ್ಟಿಕ್ಕುವ ಗೋಡೆಯ ಮೇಲೆ ಮಾಲು ಜಾರುತ್ತದೆ.

ಹೊಸಬರಿಗೆ ಇನ್ನೊಂದು ಆಸರೆಯುಂಟು. ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಉರುಟು ಮರಳು ಬೆರೆಸಿ, ತೆಳ್ಳೇವಿನ (ತೆಳು ದೋಸೆಯ) ಹಿಟ್ಟಿಗಿಂತ ತುಸು ದಪ್ಪಗೆ ಕಲಸಿ, ಹದವಾಗಿ ನೆನೆದ ಗೋಡೆಗೆ ಕರಣೆಯಿಂದ ರಪ್ಪನೆ ಎರಚಿ. ಮುಟ್ಟಬೇಡಿ, ಸವರಬೇಡಿ. ಒಂದು ದಿನ ತೇವವಾಗಿಟ್ಟರೆ ಹಲಸಿನ ಸಿಪ್ಪೆಯಂಥ ಮುಳ್ಳು ಮೈ ಸಿಗುತ್ತದೆ. ಅದರ ಮೇಲೆ ಕಲಿಯದ ಕೈಯ ಮಾಲೂ ಕಚ್ಚಿಕೊಳ್ಳುತ್ತದೆ.

ಮಟ್ಟದ ಬಿಲ್ಲೆಗಳು

ಗೋಡೆಯ ನಾಲ್ಕು ಮೂಲೆಗಳ ಹತ್ತಿರ ಅಂಗೈಯಗಲದ ಮಾಲಿನ ಬಿಲ್ಲೆ ಇಟ್ಟು ಅದಕ್ಕೆ ಹೆಂಚಿನ ಚೂರೊಂದನ್ನು ಒತ್ತಿ. ಮೇಲಿನ ಬಿಲ್ಲೆಯಿಂದ ತೂಗುಗುಂಡು ಇಳಿಬಿಟ್ಟು ಕೆಳಗಿನ ಬಿಲ್ಲೆ ಅದೇ ನೇರಕ್ಕೆ ಬರುವಂತೆ ಮಾಡಿ. ಅಡ್ಡಕ್ಕೆ ನೂಲು ಕಟ್ಟಿ ನಡುವಿನ ಬಿಲ್ಲೆಗಳನ್ನು ಕೂರಿಸಿ. ಗೋಡೆಯ ಅತ್ಯಂತ ಉಬ್ಬಿದ ಕಲ್ಲಿನ ಮೇಲೂ ಒಂದು ಸೆಂಟಿಮೀಟರ್ ಮಾಲು ಉಳಿಯಬೇಕು ಎಂಬುದೇ ದಪ್ಪದ ಅಳತೆ. ಬಿಲ್ಲೆಗಳು ಬಿಗಿದ ಮೇಲೆ ಮೇಲಿನದಕ್ಕೂ ಕೆಳಗಿನದಕ್ಕೂ ನಡುವೆ ಮಾಲು ತುಂಬಿ ಲಂಬವಾದ ಸಾಲುಗಳನ್ನು ಎಳೆಯಿರಿ. ಸಾಲಿನಿಂದ ಸಾಲಿಗೆ ನಾಲ್ಕು ಅಡಿ ಇದ್ದರೆ ನಿಮ್ಮ ಪಟ್ಟಿ ಎರಡರ ಮೇಲೂ ಕೂರುತ್ತದೆ. ರೈಲಿನ ಹಳಿಯಿದ್ದಂತೆ, ಹಳಿ ನೇರವಿದ್ದರೆ ನಡುವಿನದೆಲ್ಲ ತಾನಾಗಿ ನೇರವಾಗುತ್ತದೆ. ಇವು ಒಂದು ದಿನ ಬಲಿಯಲಿ.

ಮಾಲು ಕಲಸುವುದು

ಮೊದಲು ಒಣದಾಗಿ. ನಾಲ್ಕು ಲೀಟರಿನ ಪೇಂಟ್ ಡಬ್ಬಿಯಲ್ಲಿ ಒಂದು ಅಳತೆ ಸಿಮೆಂಟ್, ಆರು ಅಳತೆ ಮರಳು ಹಾಕಿ, ಎಲ್ಲಿಯೂ ಬಣ್ಣದ ಗೆರೆ ಕಾಣದಷ್ಟು ತಿರುವಿ. ಇದು ಹತ್ತು ಹನ್ನೆರಡು ಚದರಡಿಗೆ ಬರುತ್ತದೆ. ಮೊದಲ ದಿನಕ್ಕೆ ಇದರ ಅರ್ಧ ಸಾಕು. ನೀರು ಬಿದ್ದ ಮಾಲನ್ನು ಅರ್ಧ ಗಂಟೆಯಲ್ಲಿ ಮುಗಿಸಬೇಕು. ಗಟ್ಟಿಯಾಯಿತೆಂದು ಮತ್ತೆ ನೀರು ಹೊಯ್ದು ಮೆದು ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಹಾಗೆ ಮಾಡಿದ ಮಾಲು ಕೈಗೆ ಚೆನ್ನಾಗಿರುತ್ತದೆ, ಗೋಡೆಯ ಮೇಲೆ ಪುಡಿಯಾಗುತ್ತದೆ.

ಒದ್ದೆ ಮರಳು ಅಳತೆಯಲ್ಲಿ ಮೋಸ ಮಾಡುತ್ತದೆ. ಸ್ವಲ್ಪ ತೇವವಿದ್ದರೆ ಕಣಗಳು ಒಂದನ್ನೊಂದು ದೂರ ತಳ್ಳಿ ಮರಳು ಕಾಲು ಭಾಗದಷ್ಟು ಉಬ್ಬುವುದುಂಟು. ಒಣ ಮರಳೆಂದೇ ಅಳೆದರೆ ಮಾಲಿನಲ್ಲಿ ಸಿಮೆಂಟು ಹೆಚ್ಚಾಗಿ ಗಿಲಾಯಿ ಬಿರಿಯುತ್ತದೆ. ತೇವದ ಮರಳಾದರೆ ಆರರ ಬದಲು ಏಳು ಡಬ್ಬಿಗೆ ಹತ್ತಿರ ಹಾಕಿ.

ನೀರನ್ನು ಒಮ್ಮೆಗೇ ಹೊಯ್ಯದೆ ಚೊಂಬಿನಲ್ಲಿ ಹಾಕುತ್ತಾ ಬನ್ನಿ. ಕರಣೆಯ ಮೇಲೆ ತೆಗೆದುಕೊಂಡು ಓರೆ ಮಾಡಿದರೆ ಮಾಲು ನಿಧಾನವಾಗಿ ಜಾರಬೇಕು, ಹರಿಯಬಾರದು. ಇಡ್ಲಿಯ ಹಿಟ್ಟಿಗಿಂತ ಗಟ್ಟಿ, ಕಡುಬಿನ ಉಂಡೆಗಿಂತ ಸಡಿಲ.

ಸಿಮೆಂಟು ಚರ್ಮ ಸುಡುತ್ತದೆ, ಅದೂ ಗೊತ್ತಾಗದಂತೆ. ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ ಇರಲಿ. ಬರಿಗೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಕೆಲಸ ಮಾಡುವ ಗೌಂಡಿಗಳ ಕೈಯನ್ನು ಒಮ್ಮೆ ನೋಡಿ, ಗವಸು ಕೊಳ್ಳುವ ಮನಸ್ಸು ತಾನಾಗಿ ಬರುತ್ತದೆ. ಕಣ್ಣಿಗೆ ಬಿದ್ದರೆ ಉಜ್ಜದೆ ಹದಿನೈದು ಇಪ್ಪತ್ತು ನಿಮಿಷ ಧಾರೆಯಾಗಿ ನೀರು ಬಿಟ್ಟು ನೇರ ವೈದ್ಯರ ಬಳಿ ಹೋಗಿ.

ಎಸೆಯುವುದು, ಎಳೆಯುವುದು, ಉಜ್ಜುವುದು

ಸಿಮೆಂಟಿಗೆ ಕೈ ಹಾಕುವ ಮೊದಲು ಹಿತ್ತಿಲಿನ ಪಾಗಾರದ ಮೇಲೆ ಬರಿಯ ಮಣ್ಣು ಮರಳಿನ ಕೆಸರಿನಿಂದ ಒಂದು ದಿನ ಅಭ್ಯಾಸ ಮಾಡಿ. ಬಿದ್ದರೆ ಬಾಚಿ ಮತ್ತೆ ಎಸೆಯಬಹುದು, ಖರ್ಚಿಲ್ಲ. ಮಕ್ಕಳನ್ನು ದೂರವಿಡುವುದು ಮಾತ್ರ ಕಷ್ಟ.

ಗೋಡೆಯಿಂದ ಒಂದು ಮೊಳ ದೂರ ನಿಂತು, ಕರಣೆಯ ತುದಿಯಲ್ಲಿ ಮುಷ್ಟಿಯಷ್ಟು ಮಾಲು ತೆಗೆದು, ಮಣಿಕಟ್ಟನ್ನು ಮಾತ್ರ ತಿರುಗಿಸಿ ಬೀಸಿ. ಭುಜದಿಂದ ಬೀಸಿದರೆ ಅರ್ಧ ನೆಲಕ್ಕೆ, ಉಳಿದದ್ದು ಮುಖಕ್ಕೆ. ರಪ್ಪೆಂದು ಬಡಿದಾಗಲೇ ಒಳಗಿನ ಗಾಳಿ ಹೊರಬಿದ್ದು ಮಾಲು ತೂತುಗಳಿಗೆ ನುಗ್ಗುತ್ತದೆ. ಬೀಸುವುದು ಒಗ್ಗದಿದ್ದರೆ ಕರಣೆಯ ಬೆನ್ನಿನಿಂದ ಕೆಳಗಿನಿಂದ ಮೇಲಕ್ಕೆ ಒತ್ತಿ ಬಳಿಯಿರಿ, ಆದರೆ ಬಲವಾಗಿ ಒತ್ತಿ. ಒಂದು ಸಲಕ್ಕೆ 15 ಮಿಲಿಮೀಟರಿಗಿಂತ ದಪ್ಪ ಬೇಡ. ಹೆಚ್ಚು ಬೇಕಾದಲ್ಲಿ ಮೊದಲ ಪದರವನ್ನು ಗೀರಿ ಬಿಟ್ಟು ಮರುದಿನ ಎರಡನೆಯದನ್ನು ಹಾಕಿ.

ಎರಡು ಸಾಲುಗಳ ನಡುವೆ ತುಂಬಿದ ಮೇಲೆ ಪಟ್ಟಿಯನ್ನು ಸಾಲುಗಳ ಮೇಲೆ ಆನಿಸಿ ಗರಗಸದಂತೆ ಎಡಬಲಕ್ಕೆ ಆಡಿಸುತ್ತಾ ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಹೆಚ್ಚಾದದ್ದು ಪಟ್ಟಿಗೆ ಬರುತ್ತದೆ, ತಗ್ಗುಗಳು ಕಾಣುತ್ತವೆ. ತಗ್ಗಿಗೆ ಮಾಲು ಎಸೆದು ಮತ್ತೆ ಎಳೆಯಿರಿ. ಮೂರು ಸಲ ಎಳೆದ ಮೇಲೂ ಉಳಿದ ಸಣ್ಣ ತಗ್ಗನ್ನು ಕ್ಷಮಿಸಿಬಿಡಿ. ನಾನು ಏಳನೆಯ ಸಲ ಎಳೆಯಲು ಹೋಗಿ ಎರಡಡಿಯಗಲದ ಮಾಲನ್ನು ಕಾಲಿನ ಮೇಲೆ ಕೆಡವಿಕೊಂಡಿದ್ದೇನೆ.

ಇನ್ನು ಕಾಯುವ ಕೆಲಸ. ಬೆರಳು ಒತ್ತಿದರೆ ಗುರುತು ಮೂಡಬೇಕು, ಬೆರಳಿಗೆ ಮಾಲು ಅಂಟಬಾರದು. ಡಿಸೆಂಬರ್‌ನಲ್ಲಿ ಇದಕ್ಕೆ ಮುಕ್ಕಾಲು ಗಂಟೆ ಹಿಡಿದರೆ, ಬೇಸಿಗೆಯ ಗಾಳಿಯಲ್ಲಿ ಕಾಲು ಗಂಟೆಯಲ್ಲೇ ಹದ ಮೀರಬಹುದು. ಹದ ಬಂದಾಗ ಮರದ ಹಲಗೆಯಿಂದ ದುಂಡಗೆ ಉಜ್ಜಿ. ಒಣಗಿದಂತೆ ಕಂಡಲ್ಲಿ ಕುಂಚದಿಂದ ಎರಡು ಹನಿ ನೀರು ಚಿಮುಕಿಸಿ. ಬೇಗ ಬಿಗಿಯಲಿ ಎಂದು ಒಣ ಸಿಮೆಂಟು ಎರಚಿ ಉಜ್ಜುವವರಿದ್ದಾರೆ. ಮೇಲಿನ ಪದರದಲ್ಲಿ ಮಾತ್ರ ಸಿಮೆಂಟು ಹೆಚ್ಚಾಗಿ ಅದು ಬೇರೆಯಾಗಿ ಕುಗ್ಗುತ್ತದೆ, ಹಾವಿನ ಪೊರೆಯಂಥ ಬಿರುಕು ಬೀಳುತ್ತದೆ. ಕಬ್ಬಿಣದ ಕರಣೆಯಿಂದ ಕನ್ನಡಿಯಂತೆ ಹೊಳೆಸುವುದೂ ಬೇಡ. ಮರದ ಹಲಗೆಯ ತುಸು ಒರಟು ಮೈಗೆ ಸುಣ್ಣವೂ ಬಣ್ಣವೂ ಚೆನ್ನಾಗಿ ಹಿಡಿಯುತ್ತವೆ.

ದಿನದ ಕೆಲಸ ನಿಲ್ಲಿಸುವಾಗ ಅಂಚನ್ನು ಕರಣೆಯಿಂದ ಓರೆಯಾಗಿ, ನೀಟಾಗಿ ಕತ್ತರಿಸಿ. ಮೂಲೆಯಿಂದ ಒಂದು ಗೇಣಿಗಿಂತ ಹತ್ತಿರ ನಿಲ್ಲಿಸಬೇಡಿ. ಮರುದಿನ ಆ ಅಂಚನ್ನು ಒದ್ದೆ ಮಾಡಿ, ಸಿಮೆಂಟ್ ನೀರು ಸವರಿ ಮುಂದುವರಿಸಿ. ನೆಲ ಸೇರುವಲ್ಲಿ ಬೆರಳಗಲ ಗಿಲಾಯಿ ಬಿಟ್ಟುಬಿಡಿ, ನೆಲದ ತೇವ ಮೇಲೆ ಹತ್ತುವುದು ಕಡಿಮೆಯಾಗುತ್ತದೆ.

ಆಮೇಲಿನ ನೀರು

ಮರುದಿನದಿಂದ ಕನಿಷ್ಠ ಏಳು ದಿನ, ಪಿಪಿಸಿ ಆದ್ದರಿಂದ ಹತ್ತು ದಿನ, ಗೋಡೆ ಒಣಗಲು ಬಿಡಬೇಡಿ. ದಿನಕ್ಕೆ ಎರಡು ಸಲ ಎಂಬ ಲೆಕ್ಕ ಮಾಡಿನ ಕೆಳಗಿನ ಗೋಡೆಗೆ ಸಾಕು. ಬಾಗಿಲಿನ ಎದುರಿಗಿದ್ದು ಗಾಳಿ ಬೀಸುವ ಗೋಡೆಗೆ ನಾಲ್ಕು ಸಲವೂ ಬೇಕಾದೀತು. ಬಣ್ಣ ಬಿಳಿಚಿಕೊಂಡ ತಕ್ಷಣ ನೀರು ಎಂಬುದು ಸುಲಭದ ಗುರುತು. ಜೋರಾದ ಪೈಪಿನ ಧಾರೆಯನ್ನು ಮೊದಲೆರಡು ದಿನ ಬಿಡಬೇಡಿ, ಕುಂಚದಿಂದ ಚಿಮುಕಿಸಿ. ಹಳೆಯ ಗೋಣಿಚೀಲ ಒದ್ದೆ ಮಾಡಿ ಇಳಿಬಿಟ್ಟರೆ ಅರ್ಧ ಶ್ರಮ ಉಳಿಯುತ್ತದೆ.

ಹತ್ತನೆಯ ದಿನ ಕೀಲಿಕೈಯ ಬೆನ್ನಿನಿಂದ ಇಡೀ ಗೋಡೆಯನ್ನು ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಸರಿ. ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಅಂಗೈಗಿಂತ ಚಿಕ್ಕದಾಗಿದ್ದು ಸುತ್ತ ಬಿರುಕಿಲ್ಲದಿದ್ದರೆ ನಾನು ಹಾಗೇ ಬಿಡುತ್ತೇನೆ. ದೊಡ್ಡದಾದರೆ ಚೌಕವಾಗಿ ಕತ್ತರಿಸಿ ತೆಗೆದು, ತೊಳೆದು, ನೀರು ಕುಡಿಸಿ ಅಷ್ಟನ್ನೇ ಮತ್ತೆ ತುಂಬಿ. ನನ್ನ ಗೋಡೆಯಲ್ಲಿ ಅಂಥ ಚೌಕಗಳು ಎರಡಿವೆ, ಒಂದರ ಮುಂದೆ ಅಕ್ಕಿಯ ಡ್ರಮ್ಮು ನಿಂತಿದೆ.

ಬಣ್ಣಕ್ಕೆ ಕನಿಷ್ಠ 28 ದಿನ ಕಾಯಿರಿ. ಅನುಮಾನವಿದ್ದರೆ ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಒಳಮೈಯಲ್ಲಿ ಹನಿ ಕೂತಿದ್ದರೆ ಗೋಡೆ ಇನ್ನೂ ಹಸಿ. ನಾನು ಬಣ್ಣದ ಗೊಡವೆಗೆ ಹೋಗದೆ ಸುಣ್ಣ ಬಳಿದೆ. ಉಗ್ರಾಣಕ್ಕೆ ಅದೇ ತಂಪು, ಮುಂದಿನ ಮಳೆಗಾಲದಲ್ಲಿ ತೇವ ಎಲ್ಲಿ ಇಳಿಯುತ್ತದೆ ಎಂಬುದೂ ಅದರ ಮೇಲೆ ಸ್ಪಷ್ಟವಾಗಿ ಕಾಣುತ್ತದೆ.